ಸೈಬರ್ ಎಂದರೆ ಮೋಸವೇ?



ಕಳೆದ ವರ್ಷ ವಿಜ್ಞಾನ ಮೇಳದ ತಯಾರಿ ನೋಡಲೆಂದು ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಮಾದರಿಗಳನ್ನೆಲ್ಲ ನೋಡಿ ಮುಗಿಸಿ ಹೊರಡುವ ಹೊತ್ತಿಗೆ ಏಳನೇ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದು ಕೇಳಿದಳು.

“ಸರ್, ಸೈಬರ್ ಅಂದ್ರೆ ಮೋಸ ಅಂತಾನಾ?”

ನನಗೆ ನಗು ಬಂತು. ಆದರೆ ಅವಳ ಮುಖ ನೋಡಿ ಸುಮ್ಮನಾದೆ. ಅವಳ ತಾಯಿ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಒಂದು ದಿನ ಅವರಿಗೆ ಯಾರೋ ಫೋನ್ ಮಾಡಿ, “ನಿಮ್ಮ ಬ್ಯಾಂಕ್ ಖಾತೆ ಇವತ್ತೇ ಬಂದ್ ಆಗುತ್ತದೆ, ನಿಮ್ಮ ಮೊಬೈಲ್‌ಗೆ ಈಗ ಬಂದಿರುವ ನಂಬರ್ ಓದಿ ಹೇಳಿ” ಎಂದರಂತೆ. ಗಾಬರಿಯಾದ ತಾಯಿ ಓದಿ ಹೇಳಿದರು. ಎರಡು ವರ್ಷ ಕೂಡಿಟ್ಟಿದ್ದ ಹಣ ಹೋಯಿತು. ಪೊಲೀಸರು “ಇದು ಸೈಬರ್ ಕೇಸು” ಎಂದರು. ಪತ್ರಿಕೆಯಲ್ಲಿ ದಿನವೂ ‘ಸೈಬರ್ ವಂಚನೆ’, ‘ಸೈಬರ್ ಕಳ್ಳರು’ ಎಂಬ ಸುದ್ದಿ. ಆದರೆ ಅವಳ ಅಪ್ಪ ಮಾತ್ರ “ಜಾತಿ ಪ್ರಮಾಣಪತ್ರಕ್ಕೆ ಸೈಬರ್‌ಗೆ ಹೋಗಿ ಅರ್ಜಿ ಹಾಕಿ ಬಾ” ಎನ್ನುತ್ತಾರೆ!

“ಮೋಸದ ಅಂಗಡಿಗೆ ನಾವೇ ಯಾಕೆ ಹೋಗ್ಬೇಕು ಸರ್?” ಎಂದು ಅವಳ ಪ್ರಶ್ನೆ.

“ಹಾಗಲ್ಲಮ್ಮ, ಸೈಬರ್ ಅಂದರೆ ಕಂಪ್ಯೂಟರ್‌ಗೆ ಸಂಬಂಧಪಟ್ಟಿದ್ದು” ಎಂದೆ. ಅವಳು ಬಿಡಲಿಲ್ಲ. “ಹಾಗಾದ್ರೆ ಕಂಪ್ಯೂಟರ್ ಅಂತಲೇ ಹೇಳಬಹುದಲ್ಲ ಸರ್? ಸೈಬರ್ ಅಂತ ಬೇರೆ ಹೆಸರು ಯಾಕೆ?”

ಎಂ.ಎಸ್ಸಿ. ಓದಿದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಮನೆಗೆ ಬಂದು ನಿಘಂಟುಗಳನ್ನು ತೆರೆದೆ. ಅಲ್ಲಿ ಸಿಕ್ಕಿದ್ದು ಹಡಗು, ಉಗಿಯಂತ್ರ, ಯುದ್ಧವಿಮಾನ ಎಲ್ಲವೂ ಬರುವ ಒಂದು ದೊಡ್ಡ ಕಥೆ! ಆ ಹುಡುಗಿಗೆ ಹೇಳಬೇಕಾದ ಉತ್ತರವನ್ನು ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ಪದವನ್ನು ಬಿಡಿಸೋಣ

ವಿಜ್ಞಾನ ತರಗತಿಯಲ್ಲಿ ನೀವು ದಾಸವಾಳದ ಹೂವನ್ನು ಬಿಡಿಸಿ ಪುಷ್ಪಪತ್ರ, ದಳ, ಕೇಸರ, ಶಲಾಕೆಗಳನ್ನು ಗುರುತಿಸುತ್ತೀರಿ. ಪದಗಳನ್ನೂ ಹಾಗೆಯೇ ಬಿಡಿಸಿ ನೋಡಬಹುದು. ಒಂದು ಪದ ಎಲ್ಲಿ ಹುಟ್ಟಿತು, ಅದರ ರೂಪ ಮತ್ತು ಅರ್ಥ ಹೇಗೆ ಬದಲಾದವು ಎಂದು ಹುಡುಕುವುದಕ್ಕೆ ‘ಪದನಿಷ್ಪತ್ತಿ’ ಎನ್ನುತ್ತಾರೆ. ಇದಕ್ಕೂ ವಿಜ್ಞಾನದಂತೆಯೇ ಸಾಕ್ಷ್ಯ ಬೇಕು. ಬರೀ ಊಹೆ ಸಾಲದು.

ನಾವು ಇಂದು ಬಿಡಿಸಲಿರುವ ಪದ ‘ಸೈಬರ್‌ಸೆಕ್ಯುರಿಟಿ’. ಕನ್ನಡದಲ್ಲಿ ಇದನ್ನು ‘ಸೈಬರ್ ಸುರಕ್ಷತೆ’ ಅಥವಾ ‘ಸೈಬರ್ ಭದ್ರತೆ’ ಎಂದು ಬರೆಯುತ್ತೇವೆ. ಕಂಪ್ಯೂಟರ್, ಮೊಬೈಲ್, ಅಂತರಜಾಲ ಮತ್ತು ಅವುಗಳಲ್ಲಿರುವ ಮಾಹಿತಿಯನ್ನು ಕಳ್ಳತನ, ಹಾನಿ ಮತ್ತು ದುರುಪಯೋಗದಿಂದ ಕಾಪಾಡುವುದು ಎಂದು ಇದರ ಅರ್ಥ.

ಎರಡು ಪದಗಳು ಸೇರಿ ಒಂದಾದರೆ ವ್ಯಾಕರಣದಲ್ಲಿ ಅದನ್ನು ‘ಸಮಾಸ’ ಎನ್ನುವರು. ಇಲ್ಲಿಯೂ ‘ಸೈಬರ್’ ಮತ್ತು ‘ಸೆಕ್ಯುರಿಟಿ’ ಸೇರಿವೆ. ಒಂದು ವಿಶೇಷವೆಂದರೆ ಮೊದಲನೆಯದರ ಮೂಲ ಗ್ರೀಕ್, ಎರಡನೆಯದರ ಮೂಲ ಲ್ಯಾಟಿನ್. ಕನ್ನಡ ಪದಕ್ಕೆ ಸಂಸ್ಕೃತ ಪದ ಸೇರಿಸಿ ಸಮಾಸ ಮಾಡಿದರೆ ನಮ್ಮ ಹಿಂದಿನ ವೈಯಾಕರಣರು ಒಪ್ಪುತ್ತಿರಲಿಲ್ಲ. ಅದನ್ನು ‘ಅರಿಸಮಾಸ’ ಎಂದು ಕರೆದರು. ಅರಿ ಎಂದರೆ ಶತ್ರು. ಆದರೂ ‘ಮಳೆಗಾಲ’ ಎಂದು ನಾವೆಲ್ಲರೂ ಹೇಳುತ್ತೇವೆ. ಮಳೆ ಕನ್ನಡ, ಕಾಲ ಸಂಸ್ಕೃತ! ಇಂಗ್ಲಿಷಿನಲ್ಲೂ ಹೀಗೆಯೇ. ‘ಟೆಲಿವಿಷನ್’ ಎಂಬಲ್ಲಿ ‘ಟೆಲಿ’ ಗ್ರೀಕ್, ‘ವಿಷನ್’ ಲ್ಯಾಟಿನ್. ಸೈಬರ್‌ಸೆಕ್ಯುರಿಟಿ ಕೂಡ ಅಂಥದೇ ಒಂದು ಮಿಶ್ರ ಸಮಾಸ.

ಹಡಗಿನ ಹಿಂಬದಿಯಲ್ಲಿ ಕುಳಿತವನು

ಈಗ ಸುಮಾರು 2,500 ವರ್ಷ ಹಿಂದಕ್ಕೆ, ಗ್ರೀಸ್ ದೇಶಕ್ಕೆ ಹೋಗೋಣ. ಆ ದೇಶದ ಸುತ್ತ ಸಮುದ್ರ, ನೂರಾರು ದ್ವೀಪಗಳು. ಜನರ ವ್ಯಾಪಾರ, ಯುದ್ಧ, ಪ್ರಯಾಣ ಎಲ್ಲವೂ ಹಡಗಿನಲ್ಲೇ. ಹಡಗಿನ ಹಿಂಭಾಗದಲ್ಲಿ ಎರಡು ದೊಡ್ಡ ಹುಟ್ಟುಗಳು. ಇವು ಹಡಗನ್ನು ಮುಂದೆ ತಳ್ಳಲು ಅಲ್ಲ, ತಿರುಗಿಸಲು. ಅವುಗಳನ್ನು ಹಿಡಿದು ದಿಕ್ಕು ನೋಡಿಕೊಳ್ಳುವವನನ್ನು ಗ್ರೀಕ್ ಭಾಷೆಯಲ್ಲಿ ‘ಕುಬೆರ್ನೇತೇಸ್’ ಎನ್ನುತ್ತಿದ್ದರು. ಅಂದರೆ ಚುಕ್ಕಾಣಿ ಹಿಡಿದವನು.

ಅವನ ಕೆಲಸ ಹೇಗಿತ್ತೆಂದು ಸ್ವಲ್ಪ ಯೋಚಿಸಿ. ಒಮ್ಮೆ ಹುಟ್ಟನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಮಲಗಿಬಿಟ್ಟರೆ ಆಗುತ್ತದೆಯೇ? ಇಲ್ಲ. ಗಾಳಿ ಹಡಗನ್ನು ಪಕ್ಕಕ್ಕೆ ತಳ್ಳುತ್ತದೆ, ಅಲೆ ಎಳೆಯುತ್ತದೆ. ಆದ್ದರಿಂದ ಅವನು ದಡವನ್ನೋ ನಕ್ಷತ್ರವನ್ನೋ ನೋಡುತ್ತಲೇ ಇರಬೇಕು. ಹೋಗಬೇಕಾದ ದಿಕ್ಕಿಗೂ ಹೋಗುತ್ತಿರುವ ದಿಕ್ಕಿಗೂ ಎಷ್ಟು ವ್ಯತ್ಯಾಸ ಎಂದು ಹೋಲಿಸಬೇಕು. ಅಷ್ಟು ತಿದ್ದಬೇಕು. ಮತ್ತೆ ನೋಡಬೇಕು. ನೋಡು, ಹೋಲಿಸು, ತಿದ್ದು, ಮತ್ತೆ ನೋಡು. ಈ ಮೂರು ಮಾತುಗಳನ್ನು ನೆನಪಿಡಿ. ಮುಂದೆ ಬೇಕಾಗುತ್ತವೆ.

‘ಕುಬೆರ್ನೇತೇಸ್’ ಎಂಬುದು ‘ಸೈಬರ್’ ಆದದ್ದು ಹೇಗೆ? ಇಂಗ್ಲಿಷಿನವರು ಗ್ರೀಕ್ ಪದಗಳನ್ನು ಲ್ಯಾಟಿನ್ ರೀತಿಯಲ್ಲಿ ಬರೆದುಕೊಂಡರು. ಲ್ಯಾಟಿನ್‌ನಲ್ಲಿ ‘ಕ’ ಧ್ವನಿಗೆ ‘ಸಿ’ ಅಕ್ಷರ. ಆ ಅಕ್ಷರದ ಮುಂದೆ ‘ವೈ’, ‘ಐ’ ಅಥವಾ ‘ಇ’ ಬಂದರೆ ಇಂಗ್ಲಿಷಿನಲ್ಲಿ ‘ಸ’ ಎಂದು ಓದುವುದು ರೂಢಿ. ನಿಮ್ಮ ‘ಸೈಕಲ್’ ಕೂಡ ಹೀಗೆ ಆದದ್ದೇ! ಗ್ರೀಕ್‌ನಲ್ಲಿ ‘ಕುಕ್ಲೊಸ್’ ಎಂದರೆ ಚಕ್ರ ಅಥವಾ ವೃತ್ತ. ಕುಕ್ಲೊಸ್ ಸೈಕಲ್ ಆದಂತೆ ಕುಬೆರ್ ಸೈಬರ್ ಆಯಿತು.

ಇಲ್ಲೊಂದು ಎಚ್ಚರಿಕೆ. ‘ಕುಬೆರ್’ ಎಂದೊಡನೆ ನಿಮ್ಮಲ್ಲಿ ಕೆಲವರಿಗೆ ಧನದ ಒಡೆಯ ಕುಬೇರ ನೆನಪಾಗಿರಬಹುದು. ಕುಬೇರನಿಗೂ ಈ ಪದಕ್ಕೂ ಯಾವ ನಂಟೂ ಇಲ್ಲ. ಕೇಳಲು ಹೋಲುತ್ತವೆ, ಅಷ್ಟೇ. ಆದರೆ ಗ್ರೀಕ್‌ನ ‘ಕುಕ್ಲೊಸ್’ ಮತ್ತು ಸಂಸ್ಕೃತದ ‘ಚಕ್ರ’ ಕೇಳಲು ಅಷ್ಟೇನೂ ಹೋಲದಿದ್ದರೂ ಒಂದೇ ಮೂಲದಿಂದ ಬಂದ ದಾಯಾದಿಗಳು! ಬೇರೆ ಬೇರೆ ಭಾಷೆಗಳ ಅನೇಕ ಪದಗಳಲ್ಲಿ ಒಂದೇ ಕ್ರಮದಲ್ಲಿ ಧ್ವನಿಗಳು ಬದಲಾಗಿರುವುದನ್ನು ಹೋಲಿಸಿ ಭಾಷಾ ವಿಜ್ಞಾನಿಗಳು ಇದನ್ನು ಕಂಡುಕೊಂಡಿದ್ದಾರೆ. ಹಳಗನ್ನಡದ ‘ಪಾಲ್’ ಹಾಲಾಯಿತು, ‘ಪುಲಿ’ ಹುಲಿಯಾಯಿತು, ‘ಪೂ’ ಹೂವಾಯಿತು. ಇಲ್ಲಿ ಒಂದು ಕ್ರಮ ಕಾಣುತ್ತದೆಯಲ್ಲವೇ? ಅಂಥ ಕ್ರಮವೇ ಸಾಕ್ಷ್ಯ.

ನಾವಿಕ ಗವರ್ನರ್ ಆದ!

ಗ್ರೀಕರ ಈ ಪದವನ್ನು ರೋಮನ್ನರು ಎರವಲು ಪಡೆದರು. ಅವರ ಬಾಯಲ್ಲಿ ಅದು ‘ಗುಬರ್ನಾರೆ’ ಆಯಿತು, ಅಂದರೆ ಚುಕ್ಕಾಣಿ ಹಿಡಿದು ನಡೆಸುವುದು. ಲ್ಯಾಂಟರ್ನ್ ನಮ್ಮಲ್ಲಿ ಲಾಟೀನು ಆಗಲಿಲ್ಲವೇ, ಹಾಗೆ! ಮುಂದೆ ಹಳೆಯ ಫ್ರೆಂಚ್ ಭಾಷೆಯಲ್ಲಿ ‘ಬ’ ಹೋಗಿ ‘ವ’ ಬಂತು. ಅಲ್ಲಿಂದ ಇಂಗ್ಲಿಷಿಗೆ ಬಂದು ‘ಗವರ್ನ್’ ಆಯಿತು. ಗವರ್ನರ್, ಗವರ್ನಮೆಂಟ್ ಎಲ್ಲವೂ ಇದೇ ಮನೆಯ ಮಕ್ಕಳು. ಅಂದರೆ ಸೈಬರ್ ಮತ್ತು ಗವರ್ನಮೆಂಟ್ ಒಂದೇ ಬೇರಿನ ಎರಡು ಕೊಂಬೆಗಳು.

ಹಡಗು ನಡೆಸುವವನಿಗೂ ದೇಶ ಆಳುವವನಿಗೂ ಏನು ಸಂಬಂಧ ಎಂದು ಕೇಳುವಿರಾ? ಗ್ರೀಕ್ ತತ್ವಜ್ಞಾನಿ ಪ್ಲೇಟೋ ರಾಜ್ಯವನ್ನು ಹಡಗಿಗೆ ಹೋಲಿಸಿದ್ದ. ಹಡಗು ನಡೆಸಲು ಗಾಳಿ, ನಕ್ಷತ್ರ, ಋತುಗಳ ಜ್ಞಾನ ಬೇಕಾಗುವಂತೆ ರಾಜ್ಯ ನಡೆಸಲೂ ಜ್ಞಾನ ಬೇಕು ಎಂಬುದು ಅವನ ವಾದ. ಇದೇ ಹೋಲಿಕೆ ಕನ್ನಡದಲ್ಲೂ ಇದೆ. ಹೊಸ ಮುಖ್ಯಮಂತ್ರಿ ಬಂದಾಗ ಪತ್ರಿಕೆಗಳು ಏನು ಬರೆಯುತ್ತವೆ? ‘ರಾಜ್ಯದ ಚುಕ್ಕಾಣಿ ಹಿಡಿದರು’ ಎಂದು! ವಿಧಾನಸೌಧದಲ್ಲಿ ಯಾವ ಹಡಗೂ ಇಲ್ಲ, ಆದರೂ ನಮಗೆ ಅರ್ಥವಾಗುತ್ತದೆ.

‘ಚುಕ್ಕಾಣಿ’ ಎಂಬ ಪದವೂ ಸಮುದ್ರ ದಾಟಿ ಬಂದದ್ದೇ. ಅರಬ್ಬೀ ಭಾಷೆಯಲ್ಲಿ ಹಡಗಿನ ದಿಕ್ಕು ತಿರುಗಿಸುವ ಸಾಧನಕ್ಕೆ ‘ಸುಕ್ಕಾನ್’ ಎನ್ನುತ್ತಾರೆ. ಅರಬ್ಬರ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ವ್ಯಾಪಾರಕ್ಕೆ ಬರುತ್ತಿದ್ದವು. ಸರಕಿನ ಜೊತೆ ಪದಗಳೂ ಇಳಿದವು.

ಯಂತ್ರಕ್ಕೂ ಒಬ್ಬ ಗವರ್ನರ್

ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಬಗ್ಗೆ ನೀವು ಓದಿದ್ದೀರಿ. ಉಗಿಯಂತ್ರಕ್ಕೆ ಒಂದು ತೊಂದರೆ ಇತ್ತು. ಕೆಲಸದ ಭಾರ ಕಡಿಮೆಯಾದರೆ ಅದು ವಿಪರೀತ ವೇಗವಾಗಿ ಓಡುತ್ತಿತ್ತು. ಭಾರ ಹೆಚ್ಚಾದರೆ ನಿಧಾನವಾಗುತ್ತಿತ್ತು. ಪ್ರತಿ ಸಲವೂ ಒಬ್ಬ ಮನುಷ್ಯ ನಿಂತು ಉಗಿಯ ಕವಾಟವನ್ನು ತಿರುಗಿಸಬೇಕೇ? 1788ರಲ್ಲಿ ವಾಟ್ ಇದಕ್ಕೊಂದು ಉಪಾಯ ಅಳವಡಿಸಿದ. ಗಾಳಿಗಿರಣಿಗಳಲ್ಲಿ ಇಂಥ ಸಾಧನ ಮೊದಲೇ ಬಳಕೆಯಲ್ಲಿತ್ತು.

ಒಂದು ನಿಂತ ಕಂಬಿ. ಅದರ ಎರಡು ಪಕ್ಕಕ್ಕೆ ಕೀಲಿನಿಂದ ತೂಗುವ ಎರಡು ಕಬ್ಬಿಣದ ಗುಂಡುಗಳು. ಯಂತ್ರ ಓಡಿದಂತೆ ಕಂಬಿಯೂ ತಿರುಗುತ್ತದೆ. ಜಾತ್ರೆಯಲ್ಲಿ ಸರಪಳಿಗೆ ಕಟ್ಟಿದ ತಿರುಗುವ ಕುರ್ಚಿಗಳನ್ನು ನೋಡಿದ್ದೀರಲ್ಲ? ವೇಗ ಹೆಚ್ಚಿದಂತೆ ಕುರ್ಚಿಗಳು ಹೊರಕ್ಕೆ, ಮೇಲಕ್ಕೆ ಹೋಗುತ್ತವೆ. ಈ ಗುಂಡುಗಳೂ ಹಾಗೆಯೇ ಮೇಲೇರುತ್ತವೆ. ಅವು ಮೇಲೇರಿದಾಗ ಅವಕ್ಕೆ ಜೋಡಿಸಿದ ಸನ್ನೆಯು ಉಗಿಯ ಕವಾಟವನ್ನು ಸ್ವಲ್ಪ ಮುಚ್ಚುತ್ತದೆ. ಉಗಿ ಕಡಿಮೆಯಾಗಿ ವೇಗ ತಗ್ಗುತ್ತದೆ. ವೇಗ ತಗ್ಗಿದರೆ ಗುಂಡುಗಳು ಕೆಳಗಿಳಿಯುತ್ತವೆ, ಕವಾಟ ತೆರೆಯುತ್ತದೆ, ವೇಗ ಮತ್ತೆ ಹೆಚ್ಚುತ್ತದೆ. ಹೀಗೆ ಯಂತ್ರ ತನ್ನ ವೇಗವನ್ನು ತಾನೇ ನೋಡಿಕೊಂಡು ತಾನೇ ತಿದ್ದಿಕೊಳ್ಳುತ್ತದೆ. ಈ ಸಾಧನಕ್ಕೆ ಇಟ್ಟ ಹೆಸರು ‘ಗವರ್ನರ್’!

ಹೊಲಕ್ಕೆ ನೀರು ಹಾಯಿಸುವ ಡೀಸೆಲ್ ಎಂಜಿನ್ನಿನಲ್ಲೂ ಗವರ್ನರ್ ಇರುತ್ತದೆ. ಬಸ್ಸು, ಲಾರಿಗಳಿಗೆ ‘ಸ್ಪೀಡ್ ಗವರ್ನರ್’ ಹಾಕುವುದನ್ನು ಕೇಳಿರಬಹುದು. ಹೆಸರು ಹಡಗಿನವನದು, ಕೆಲಸ ರಸ್ತೆಯಲ್ಲಿ.

ನೀವೇ ಮಾಡಿ ನೋಡಿ

ಶಾಲೆಯ ಮೈದಾನದಲ್ಲಿ ಕಲ್ಲು, ಗುಂಡಿ ಇಲ್ಲದ ಜಾಗ ಆರಿಸಿ. ಸುಣ್ಣದ ಪುಡಿಯಿಂದ ಮೂವತ್ತು ಹೆಜ್ಜೆ ಉದ್ದದ ನೇರ ಗೆರೆ ಎಳೆಯಿರಿ.

1. ಗೆಳೆಯನೊಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಗೆರೆಯ ಒಂದು ತುದಿಯಲ್ಲಿ ನಿಲ್ಲಿಸಿ, ನೇರವಾಗಿ ನಡೆಯಲು ಹೇಳಿ. ಯಾರೂ ಮಾತನಾಡಬಾರದು. ಅವನ ಪಕ್ಕದಲ್ಲೇ ಒಬ್ಬರು ಕಾವಲಿಗೆ ನಡೆಯಿರಿ. ಕೊನೆಯಲ್ಲಿ ಅವನು ಗೆರೆಯಿಂದ ಎಷ್ಟು ದೂರದಲ್ಲಿದ್ದಾನೆ ಎಂದು ಅಳೆಯಿರಿ.

2. ಈಗ ಅದೇ ಆಟ. ಆದರೆ ಈ ಸಲ ಅವನು ಗೆರೆ ಬಿಟ್ಟೊಡನೆ ಒಬ್ಬರು ‘ಸ್ವಲ್ಪ ಎಡಕ್ಕೆ’, ‘ಸ್ವಲ್ಪ ಬಲಕ್ಕೆ’ ಎಂದು ಹೇಳುತ್ತಿರಲಿ. ಮತ್ತೆ ಅಳೆಯಿರಿ.

3. ಮೂರನೇ ಸಲ, ಹೇಳುವವರು ಬೇಕೆಂದೇ ಐದು ಹೆಜ್ಜೆ ತಡವಾಗಿ ಹೇಳಲಿ. ಏನಾಗುತ್ತದೆ ನೋಡಿ.

ಮೊದಲ ಸಲ ಹೆಚ್ಚಿನವರು ಪಕ್ಕಕ್ಕೆ ವಾಲುತ್ತಾರೆ. ಎರಡನೇ ಸಲ ಗೆರೆಯ ಹತ್ತಿರವೇ ಇರುತ್ತಾರೆ. ಮೂರನೇ ಸಲ ಹಾವಿನಂತೆ ಅತ್ತ ಇತ್ತ ಹೋಗುತ್ತಾರೆ. ನಾವು ಮಾಡಿದ ಕೆಲಸದ ಫಲ ಏನಾಯಿತು ಎಂಬ ಸುದ್ದಿ ನಮಗೇ ಹಿಂದಿರುಗಿ ಬರುವುದಕ್ಕೆ ‘ಹಿಮ್ಮಾಹಿತಿ’ ಎನ್ನುವರು. ಇಂಗ್ಲಿಷಿನಲ್ಲಿ ‘ಫೀಡ್‌ಬ್ಯಾಕ್’. ಅದು ಇಲ್ಲದಿದ್ದರೆ ದಾರಿ ತಪ್ಪುತ್ತದೆ. ತಡವಾಗಿ ಬಂದರೂ ದಾರಿ ತಪ್ಪುತ್ತದೆ!

ವೀನರ್ ಇಟ್ಟ ಹೆಸರು

ನಾರ್ಬರ್ಟ್ ವೀನರ್ ಅಮೆರಿಕದ ಗಣಿತಜ್ಞ. ಹುಟ್ಟಿದ್ದು 1894ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರಿಗೆ ಒಂದು ಸಮಸ್ಯೆ ಎದುರಾಯಿತು. ಹಾರುತ್ತಿರುವ ಶತ್ರುವಿಮಾನಕ್ಕೆ ಗುರಿಯಿಡುವುದು ಹೇಗೆ? ಗುಂಡು ಮೇಲೆ ತಲುಪುವಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ. ಆದ್ದರಿಂದ ಅದು ಈಗ ಇರುವ ಜಾಗಕ್ಕಲ್ಲ, ಮುಂದೆ ಇರಲಿರುವ ಜಾಗಕ್ಕೆ ಗುರಿಯಿಡಬೇಕು. ವಿಮಾನದ ಚಲನೆಯನ್ನು ನೋಡುತ್ತಾ, ಲೆಕ್ಕ ಹಾಕುತ್ತಾ, ಗುರಿಯನ್ನು ತಿದ್ದುತ್ತಾ ಇರುವ ಯಂತ್ರ ಬೇಕಿತ್ತು.

ಈ ಕೆಲಸದಲ್ಲಿ ವೀನರ್‌ಗೆ ಒಂದು ದೊಡ್ಡ ವಿಷಯ ಹೊಳೆಯಿತು. ಯಂತ್ರದಲ್ಲಿ ನಡೆಯುವ ‘ನೋಡು, ಹೋಲಿಸು, ತಿದ್ದು’ ಎಂಬುದೇ ಪ್ರಾಣಿಗಳ ದೇಹದಲ್ಲೂ ನಡೆಯುತ್ತದೆ! ಬಿಸಿಲಿನಲ್ಲಿ ಆಡಿದಾಗ ಮೈ ಬಿಸಿಯಾಗುತ್ತದೆ. ಮಿದುಳು ಅದನ್ನು ತಿಳಿದು ಬೆವರು ಬರಿಸುತ್ತದೆ. ಬೆವರು ಆರಿದಾಗ ಮೈ ತಂಪಾಗುತ್ತದೆ. ನೀವು ಮೇಜಿನ ಮೇಲಿನ ಪೆನ್ಸಿಲ್ ತೆಗೆದುಕೊಳ್ಳುವಾಗಲೂ ಕಣ್ಣು ನೋಡುತ್ತಿರುತ್ತದೆ, ಕೈ ತಿದ್ದಿಕೊಳ್ಳುತ್ತಿರುತ್ತದೆ.

ಪ್ರಾಣಿ ಮತ್ತು ಯಂತ್ರ ಎರಡಕ್ಕೂ ಅನ್ವಯಿಸುವ ಈ ಹೊಸ ಅಧ್ಯಯನಕ್ಕೆ ಹೆಸರು ಬೇಕಾಯಿತು. ವೀನರ್ ಗ್ರೀಕ್ ನಾವಿಕನನ್ನು ನೆನೆದು ‘ಸೈಬರ್ನೆಟಿಕ್ಸ್’ ಎಂದು ಹೆಸರಿಟ್ಟರು. 1948ರಲ್ಲಿ ಅದೇ ಹೆಸರಿನ ಪುಸ್ತಕ ಹೊರಬಂತು. ವಾಟ್‌ನ ಗವರ್ನರ್ ಕುರಿತು 1868ರಲ್ಲಿ ಮ್ಯಾಕ್ಸ್‌ವೆಲ್ ಎಂಬ ಭೌತವಿಜ್ಞಾನಿ ಬರೆದಿದ್ದ ಲೇಖನಕ್ಕೆ ಗೌರವ ಸಲ್ಲಿಸುವುದೂ ಅವರ ಉದ್ದೇಶವಾಗಿತ್ತು. ಗವರ್ನರ್ ಮತ್ತು ಕುಬೆರ್ನೇತೇಸ್ ಒಂದೇ ಪದ ಎಂಬುದು ವೀನರ್‌ಗೆ ಗೊತ್ತಿತ್ತು. ಆದರೆ ಗೊತ್ತಿರದ ಸಂಗತಿಯೊಂದಿತ್ತು. ಅವರಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಫ್ರಾನ್ಸಿನ ಆಂಪಿಯರ್ ‘ಆಡಳಿತದ ಶಾಸ್ತ್ರ’ ಎಂಬ ಅರ್ಥದಲ್ಲಿ ಇದೇ ಪದವನ್ನು ಬಳಸಿದ್ದರು. ಹೌದು, ವಿದ್ಯುತ್ ಪ್ರವಾಹವನ್ನು ಅಳೆಯುವ ‘ಆಂಪಿಯರ್’ ಏಕಮಾನಕ್ಕೆ ಯಾರ ಹೆಸರಿದೆಯೋ ಅವರೇ!

ವೀನರ್ ಮುಂದೆ 1955-56ರಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು ಪಾಠ ಮಾಡಿದ್ದರು.

ಬಾಲ ಕತ್ತರಿಸಿದ ಪದ

‘ಸೈಬರ್ನೆಟಿಕ್ಸ್’ ಉದ್ದವಾದ ಪದ. ಜನ ಅದರ ಮುಂಭಾಗವನ್ನಷ್ಟೇ ಕತ್ತರಿಸಿಕೊಂಡರು. ಪದದ ಬೇರು ‘ಕುಬೆರ್ನ್’. ಕತ್ತರಿಸುವಾಗ ‘ನ’ಕಾರ ಆಚೆಯೇ ಉಳಿಯಿತು! ಭಾಷೆಯಲ್ಲಿ ಹೀಗೆ ಆಗುತ್ತಲೇ ಇರುತ್ತದೆ. ಲ್ಯಾಟಿನ್‌ನಲ್ಲಿ ‘ಓಮ್ನಿಬುಸ್’ ಎಂದರೆ ‘ಎಲ್ಲರಿಗಾಗಿ’. ಎಲ್ಲರೂ ಹತ್ತಬಹುದಾದ ಗಾಡಿಗೆ ಆ ಹೆಸರು ಬಂತು. ಜನ ಬಾಲವನ್ನಷ್ಟೇ ಉಳಿಸಿಕೊಂಡು ‘ಬಸ್’ ಎಂದರು. ನಾವು ದಿನವೂ ಕಾಯುವ ಬಸ್ಸು ಒಂದು ಪದದ ತುದಿಯ ಪ್ರತ್ಯಯ ಮಾತ್ರ!

1960ರಲ್ಲಿ ಬಾಹ್ಯಾಕಾಶಯಾನದ ಬಗ್ಗೆ ಬರೆಯುತ್ತಾ ಕ್ಲೈನ್ಸ್ ಮತ್ತು ಕ್ಲೈನ್ ಎಂಬ ಇಬ್ಬರು ವಿಜ್ಞಾನಿಗಳು ‘ಸೈಬೋರ್ಗ್’ ಎಂಬ ಪದ ಮಾಡಿದರು. ಅದು ಯಂತ್ರದ ನೆರವನ್ನು ದೇಹದೊಳಗೇ ಅಳವಡಿಸಿಕೊಂಡ ಜೀವಿ. 1982ರಲ್ಲಿ ವಿಲಿಯಂ ಗಿಬ್ಸನ್ ಎಂಬ ಕಥೆಗಾರ ತನ್ನ ವಿಜ್ಞಾನ ಕಥೆಯಲ್ಲಿ ‘ಸೈಬರ್‌ಸ್ಪೇಸ್’ ಎಂಬ ಪದ ಬಳಸಿದ. ಕಂಪ್ಯೂಟರ್‌ಗಳ ಜಾಲದೊಳಗಿನ, ಕಣ್ಣಿಗೆ ಕಾಣದ ಲೋಕ ಅದು. 1984ರ ಅವನ ಕಾದಂಬರಿಯಿಂದ ಈ ಪದ ಪ್ರಸಿದ್ಧವಾಯಿತು. ತಮಾಷೆಯೆಂದರೆ ಆ ಕಾದಂಬರಿಯನ್ನು ಅವನು ಬರೆದದ್ದು ಕಂಪ್ಯೂಟರಿನಲ್ಲಲ್ಲ, ಹಳೆಯ ಟೈಪ್‌ರೈಟರಿನಲ್ಲಿ!

1990ರ ದಶಕದಲ್ಲಿ ಅಂತರಜಾಲ ಹರಡಿದಾಗ ‘ಸೈಬರ್’ ಎಂಬ ತುಂಡು ಎಲ್ಲದಕ್ಕೂ ಅಂಟಿಕೊಂಡಿತು. ಸೈಬರ್ ಕೆಫೆ, ಸೈಬರ್ ಅಪರಾಧ, ಸೈಬರ್ ಕಾನೂನು. ನಮ್ಮ ತಾಲ್ಲೂಕು ಪಟ್ಟಣಗಳಿಗೆ ಬಂದ ‘ಸೈಬರ್ ಸೆಂಟರ್’ನ ಬೋರ್ಡಿನಿಂದ ಜನ ‘ಸೆಂಟರ್’ ಕತ್ತರಿಸಿ ಬರೀ ‘ಸೈಬರ್’ ಎಂದರು. ಹೀಗೆ ಗ್ರೀಸಿನ ನಾವಿಕ ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯ ಹೆಸರಾದ!

ಸೆಕ್ಯುರಿಟಿ: ಚಿಂತೆ ಇಲ್ಲದಿರುವುದು

ಇನ್ನು ಎರಡನೆಯ ಭಾಗ. ಲ್ಯಾಟಿನ್‌ನಲ್ಲಿ ‘ಸೆ’ ಎಂದರೆ ಇಲ್ಲದೆ, ‘ಕೂರಾ’ ಎಂದರೆ ಚಿಂತೆ, ಕಾಳಜಿ. ಎರಡೂ ಸೇರಿ ‘ಸೆಕೂರುಸ್’, ಅಂದರೆ ಚಿಂತೆ ಇಲ್ಲದವನು. ನಮ್ಮಲ್ಲಿ ‘ನಿಃ’ ಮತ್ತು ‘ಚಿಂತೆ’ ಸೇರಿ ‘ನಿಶ್ಚಿಂತೆ’ ಆದಂತೆ! ಸೆಕ್ಯುರಿಟಿ ಎಂಬುದರ ಮೂಲ ಅರ್ಥ ನಿಶ್ಚಿಂತೆ.

‘ಕೂರಾ’ದ ಬಳಗ ದೊಡ್ಡದು. ಕಾಯಿಲೆ ವಾಸಿ ಮಾಡುವ ‘ಕ್ಯೂರ್’, ಕಾಳಜಿಯಿಂದ ಮಾಡಿದ ಎಂಬರ್ಥದ ‘ಆಕ್ಯುರೇಟ್’ (ನಿಖರ), ತಿಳಿಯುವ ಕಾಳಜಿ ಇರುವ ‘ಕ್ಯೂರಿಯಸ್’ (ಕುತೂಹಲಿ) ಎಲ್ಲವೂ ಇದರ ಸಂತಾನ. ಹಾಗಾದರೆ ಇಂಗ್ಲಿಷಿನ ‘ಕೇರ್’? ಅದರ ಅರ್ಥವೂ ಕಾಳಜಿ, ಕೇಳಲೂ ‘ಕೂರಾ’ದಂತೆಯೇ ಇದೆ. ಆದರೆ ‘ಕೇರ್’ ಹಳೆಯ ಇಂಗ್ಲಿಷಿನ ಸ್ವಂತ ಪದ, ‘ಕೂರಾ’ದಿಂದ ಬಂದದ್ದಲ್ಲ! ಕುಬೇರನ ಪಾಠ ಇಲ್ಲೂ ನೆನಪಿರಲಿ.

ನಿಶ್ಚಿಂತೆಗೆ ಎರಡು ಮುಖಗಳಿವೆ. ಬಾಗಿಲಿಗೆ ಬೀಗ ಹಾಕಿ ನಿಶ್ಚಿಂತೆಯಿಂದ ಮಲಗಬಹುದು. ಬೀಗ ಹಾಕದೆಯೇ ‘ಏನೂ ಆಗುವುದಿಲ್ಲ ಬಿಡು’ ಎಂದೂ ನಿಶ್ಚಿಂತೆಯಿಂದ ಮಲಗಬಹುದು! ಸುಮಾರು 400 ವರ್ಷಗಳ ಹಿಂದೆ, ಷೇಕ್ಸ್‌ಪಿಯರ್‌ನ ಕಾಲದಲ್ಲಿ, ಸೆಕ್ಯುರಿಟಿ ಎಂಬುದಕ್ಕೆ ಈ ಎರಡನೆಯ ಅರ್ಥವೂ ಇತ್ತು: ಎಚ್ಚರವಿಲ್ಲದ ಅತಿವಿಶ್ವಾಸ.

ನಮ್ಮ ಪದಗಳನ್ನು ನೋಡಿ. ‘ಸುರಕ್ಷತೆ’ ಎಂಬುದರಲ್ಲಿ ‘ರಕ್ಷ್’ ಎಂಬ ಸಂಸ್ಕೃತ ಧಾತು ಇದೆ. ಅದರ ಅರ್ಥ ಕಾಯುವುದು. ಅಚ್ಚಗನ್ನಡದ ‘ಕಾವಲು’ ಕೂಡ ‘ಕಾಯು’ ಎಂಬುದರಿಂದ ಬಂದದ್ದು. ಲ್ಯಾಟಿನ್ ಪದ ಕೊನೆಗೆ ಸಿಗುವ ನೆಮ್ಮದಿಯನ್ನು ಹೇಳುತ್ತದೆ. ನಮ್ಮ ಪದಗಳು ಅದಕ್ಕಾಗಿ ಮಾಡಬೇಕಾದ ಕೆಲಸವನ್ನು ಹೇಳುತ್ತವೆ. ಹೊಲ ಕಾಯುವವನು ರಾತ್ರಿ ಎಚ್ಚರವಿದ್ದರೆ ಮನೆಯವರು ನಿಶ್ಚಿಂತೆಯಿಂದ ಮಲಗುತ್ತಾರೆ, ಅಲ್ಲವೇ?

ಗವರ್ನರ್ ಇಲ್ಲದ ಹುಳು

1988ರ ನವೆಂಬರ್ 2ರಂದು ಅಮೆರಿಕದಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಒಂದು ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಜಾಲಕ್ಕೆ ಬಿಟ್ಟ. ಅದು ತನ್ನ ಪ್ರತಿಯನ್ನು ತಾನೇ ಮಾಡಿಕೊಂಡು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಇಂಥ ಪ್ರೋಗ್ರಾಂಗೆ ‘ವರ್ಮ್’, ಅಂದರೆ ಹುಳು ಎನ್ನುತ್ತಾರೆ. ಒಂದು ಕಂಪ್ಯೂಟರಿನಲ್ಲಿ ಹುಳು ಈಗಾಗಲೇ ಇದೆಯೇ ಎಂದು ಅದು ಕೇಳಿ ನೋಡುತ್ತಿತ್ತು. ಆದರೆ ‘ಇದೆ’ ಎಂಬ ಉತ್ತರ ಬಂದರೂ ಏಳರಲ್ಲಿ ಒಂದು ಸಲ ಒಳಗೆ ಸೇರಿಕೊಳ್ಳುವಂತೆ ಅದನ್ನು ಬರೆಯಲಾಗಿತ್ತು. ಕಡತಗಳನ್ನು ಅಳಿಸುವ ಉದ್ದೇಶ ಅದಕ್ಕಿರಲಿಲ್ಲ. ಆದರೂ ಒಂದೇ ಕಂಪ್ಯೂಟರಿನಲ್ಲಿ ಹತ್ತಾರು ಪ್ರತಿಗಳು ತುಂಬಿ ಬೇರೆ ಕೆಲಸಕ್ಕೆ ಜಾಗವೇ ಇಲ್ಲವಾಯಿತು. ಆಗ ಅಂತರಜಾಲದಲ್ಲಿ ಇದ್ದ ಸುಮಾರು 60,000 ಕಂಪ್ಯೂಟರ್‌ಗಳಲ್ಲಿ 6,000ದಷ್ಟು ಸಿಕ್ಕಿಬಿದ್ದವು ಎಂದು ಆಗಿನ ಅಂದಾಜು.

ಇಲ್ಲಿ ತಪ್ಪಿದ್ದು ಏನು? ‘ಸಾಕು, ನಿಲ್ಲು’ ಎನ್ನುವ ಗವರ್ನರ್ ಆ ಹುಳುವಿನಲ್ಲಿ ಸರಿಯಾಗಿ ಇರಲಿಲ್ಲ! ನ್ಯಾಯಾಲಯ ಮಾರಿಸ್‌ಗೆ ದಂಡ ಹಾಕಿ ಸಮಾಜ ಸೇವೆ ಮಾಡಲು ಆದೇಶಿಸಿತು. ಇಂಥ ಅವಘಡಗಳನ್ನು ಎದುರಿಸಲೆಂದೇ ತಜ್ಞರ ತಂಡಗಳು ಹುಟ್ಟಿದವು. ‘ಸೈಬರ್‌ಸೆಕ್ಯುರಿಟಿ’ ಎಂಬ ಸಮಾಸಪದ ಬಳಕೆಗೆ ಬಂದದ್ದೂ 1990ರ ಆಸುಪಾಸಿನಲ್ಲೇ.

ನಮ್ಮ ದೇಶದಲ್ಲಿ 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂತು. 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ ತೆರೆಯಲಾಯಿತು. ಇಂದು ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ‘ಸಿ.ಇ.ಎನ್. ಪೊಲೀಸ್ ಠಾಣೆ’ ಎಂಬ ಬೋರ್ಡು ಕಾಣಬಹುದು. ಅದರಲ್ಲಿನ ‘ಸಿ’ ನಮ್ಮ ಸೈಬರ್!

ಸುರಕ್ಷತೆಯ ಕೆಲಸದಲ್ಲೂ ನಾವಿಕನ ಮೂರು ಮಾತುಗಳಿವೆ. ಎ.ಟಿ.ಎಂ.ನಲ್ಲಿ ಪಿನ್ ಒತ್ತಿದಾಗ ಬ್ಯಾಂಕಿನ ಕಂಪ್ಯೂಟರ್ ಅದನ್ನು ನೋಡುತ್ತದೆ, ಸರಿಯಾದದ್ದರ ಜೊತೆ ಹೋಲಿಸುತ್ತದೆ, ತಪ್ಪಿದ್ದರೆ ತಡೆಯುತ್ತದೆ. ಸಾಮಾನ್ಯವಾಗಿ ಮೂರು ಸಲ ತಪ್ಪಾದರೆ ಕಾರ್ಡನ್ನೇ ಸ್ವಲ್ಪ ಕಾಲ ಬಂದ್ ಮಾಡುತ್ತದೆ.

ಚುಕ್ಕಾಣಿ ಯಾರ ಕೈಯಲ್ಲಿ?

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಇಲ್ಲ, ಸೈಬರ್ ಎಂದರೆ ಮೋಸವಲ್ಲ. ಇಂದು ಅದರ ಅರ್ಥ ಕಂಪ್ಯೂಟರ್ ಮತ್ತು ಅಂತರಜಾಲಕ್ಕೆ ಸಂಬಂಧಿಸಿದ್ದು ಎಂದು. ಪದ ಹುಟ್ಟಿದಾಗಿನ ಅರ್ಥವೇ ಇಂದಿನ ಅರ್ಥ ಆಗಿರಬೇಕಿಲ್ಲ. ಆದರೆ ಹಳೆಯ ಅರ್ಥ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ.

ಅವಳ ತಾಯಿಯ ಫೋನಿಗೆ ಬಂದ ಸಂಖ್ಯೆಗೆ ಒ.ಟಿ.ಪಿ. ಎನ್ನುತ್ತಾರೆ. ಅಂದರೆ ಒಂದೇ ಸಲ ಬಳಸುವ ಗುಪ್ತಸಂಖ್ಯೆ. ‘ಹಣ ತೆಗೆಯುತ್ತಿರುವವರು ನೀವೇ ತಾನೇ?’ ಎಂದು ಬ್ಯಾಂಕಿನ ಕಂಪ್ಯೂಟರ್ ಕೇಳುವ ಪ್ರಶ್ನೆ ಅದು. ಅದನ್ನು ಬೇರೆಯವರಿಗೆ ಹೇಳಿದರೆ ಅವರೇ ‘ನೀವು’ ಆಗಿಬಿಡುತ್ತಾರೆ. ಕಳ್ಳ ಬೀಗ ಒಡೆಯಲಿಲ್ಲ, ಕಂಪ್ಯೂಟರ್ ಕೆಡಿಸಲಿಲ್ಲ. ‘ಇವತ್ತೇ, ಈಗಲೇ’ ಎಂದು ಹೆದರಿಸಿ, ಯೋಚಿಸಲು ಬಿಡುವು ಕೊಡದೆ, ತಾಯಿಯ ಕೈಯಿಂದ ಚುಕ್ಕಾಣಿ ಕಿತ್ತುಕೊಂಡ. ಇದರಲ್ಲಿ ಆ ತಾಯಿಯ ದಡ್ಡತನವೇನೂ ಇಲ್ಲ. ತುಂಬ ಓದಿದವರೂ ಹೀಗೆ ಮೋಸಹೋಗಿದ್ದಾರೆ. ಗಾಬರಿಯಾದಾಗ ಯಾರಿಗೂ ದಿಕ್ಕು ಕಾಣುವುದಿಲ್ಲ.

ಆದ್ದರಿಂದ ಮಕ್ಕಳೇ, ಇದನ್ನು ಇಂದೇ ಮನೆಯಲ್ಲಿ ಅಮ್ಮ, ಅಪ್ಪ, ಅಜ್ಜ, ಅಜ್ಜಿಗೆ ಹೇಳಿ. ಯಾರಾದರೂ ಫೋನಿನಲ್ಲಿ ಅವಸರ ಮಾಡಿದರೆ ಮೊದಲು ಫೋನ್ ಇಡಬೇಕು. ಆಮೇಲೆ ಹೋಲಿಸಬೇಕು: ಬ್ಯಾಂಕಿನವರು ಎಂದಾದರೂ ಒ.ಟಿ.ಪಿ. ಕೇಳುತ್ತಾರೆಯೇ? ಇಲ್ಲ, ಬ್ಯಾಂಕಿನವರು ಒ.ಟಿ.ಪಿ.ಯನ್ನಾಗಲೀ ಪಿನ್ ಸಂಖ್ಯೆಯನ್ನಾಗಲೀ ಕೇಳುವುದಿಲ್ಲ. ಅನುಮಾನವಿದ್ದರೆ ಬ್ಯಾಂಕಿಗೇ ಹೋಗಿ ವಿಚಾರಿಸಬೇಕು. ಹಣ ಹೋದದ್ದು ತಿಳಿದರೆ ತಕ್ಷಣ 1930 ಸಂಖ್ಯೆಗೆ ಫೋನ್ ಮಾಡಬೇಕು. ಇದು ಸೈಬರ್ ವಂಚನೆಗಳ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಮೈದಾನದ ಆಟದಲ್ಲಿ ಐದು ಹೆಜ್ಜೆ ತಡವಾದಾಗ ಏನಾಯಿತೆಂದು ನೆನಪಿದೆಯಲ್ಲ?

ಮುಂದಿನ ಸಲ ಆ ಶಾಲೆಗೆ ಹೋದಾಗ ಈ ಪುಟವನ್ನು ಆ ಹುಡುಗಿಯ ಕೈಗೆ ಕೊಡಬೇಕೆಂದಿದ್ದೇನೆ. ಅವಳು ಮತ್ತೆ ಏನಾದರೂ ಕೇಳದೆ ಬಿಡುವುದಿಲ್ಲ. ಕೇಳಲಿ. ಅವಳು ಒಂದು ಪದದ ಅರ್ಥ ಕೇಳಿದ್ದರಿಂದ ನಾನು ಇಷ್ಟು ಕಲಿತೆ.

ಯೋಚಿಸಿ, ಮಾಡಿ

1. ನಿಮ್ಮ ದೇಹದಲ್ಲಿ ಹಿಮ್ಮಾಹಿತಿಯಿಂದ ನಡೆಯುವ ಎರಡು ಕೆಲಸಗಳನ್ನು ಬರೆಯಿರಿ.
2. ಮನೆಯ ಇಸ್ತ್ರಿ ಪೆಟ್ಟಿಗೆ ನಿಗದಿತ ಬಿಸಿ ಬಂದೊಡನೆ ತಾನೇ ಆರುತ್ತದೆ. ಇದರಲ್ಲಿ ‘ನೋಡು, ಹೋಲಿಸು, ತಿದ್ದು’ ಯಾವುದು ಯಾವುದು?
3. ನಿಮ್ಮೂರಿನಲ್ಲಿ ಬಳಸುವ, ಬೇರೆ ಭಾಷೆಯಿಂದ ಬಂದ ಹತ್ತು ಪದಗಳನ್ನು ಪಟ್ಟಿ ಮಾಡಿ. ನಿಘಂಟು ನೋಡಿ ಅವುಗಳ ಮೂಲ ಹುಡುಕಿ.
4. ‘1930’ ಎಂದು ದೊಡ್ಡದಾಗಿ ಬರೆದು ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸಿ.